ರಸ್ಟ್‌ನಲ್ಲಿ ಫಂಕ್ಷನಲ್ ಶೈಲಿ: ಒಂದು ಮಳೆ ಡೈರಿಯ ಲೆಕ್ಕ ಹಿಡಿದು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ರಸ್ಟ್ ಕಲಿಯುತ್ತಿರುವವರು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ. ‘ಮ್ಯಾಪ್, ಫಿಲ್ಟರ್ ಹಾಕಿ ಬರೆದರೆ ಬಾರೋ ಚೆಕರ್ ಯಾಕೆ ಬೈಯುತ್ತೆ?’ ‘ಫಾರ್ ಲೂಪ್ ಬರೆದರೆ ತಪ್ಪಾ?’ ‘ಮೊದಲು ಹ್ಯಾಸ್ಕೆಲ್ ಕಲಿತು ಬರಬೇಕಾ?’ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕೊನೆಯ ಎರಡಕ್ಕೆ ಉತ್ತರ ಈಗಲೇ ಕೊಡಬಹುದು: ತಪ್ಪಲ್ಲ, ಬೇಡ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ದೂರ ನಡೆಯಬೇಕು.

ರಸ್ಟ್ ಒಂದು ಸಿಸ್ಟಮ್ಸ್ ಭಾಷೆ. ಅಂದರೆ ಆಪರೇಟಿಂಗ್ ಸಿಸ್ಟಮ್, ಬ್ರೌಸರ್, ಡೇಟಾಬೇಸ್ ಥರದ ವೇಗ ಬೇಡುವ ಕೆಲಸಕ್ಕೆ ಮಾಡಿದ್ದು. ಮೆಮೊರಿಯ ಕಸ ಗುಡಿಸಲು ಹಿಂದೆ ಯಾರೂ ಓಡಾಡುವುದಿಲ್ಲ. ಯಾವ ವಸ್ತುವಿಗೆ ಯಾರು ಒಡೆಯ ಅನ್ನುವುದನ್ನು ಕಂಪೈಲರ್ ಮೊದಲೇ ಲೆಕ್ಕ ಹಾಕಿಟ್ಟಿರುತ್ತದೆ. ಯಾರು ಯಾರಿಂದ ಕಡ ತಂದಿದ್ದಾರೆ ಅಂತ ನೋಡುವ ಅದರ ಭಾಗವೇ ಬಾರೋ ಚೆಕರ್. 1.0 ಆವೃತ್ತಿ ಬಂದದ್ದು 2015ರ ಮೇ 15ಕ್ಕೆ. ಅದರ ಮೊಟ್ಟಮೊದಲ ಕಂಪೈಲರ್ ಬರೆದದ್ದು ಓಕ್ಯಾಮಲ್ ಎಂಬ, ಹ್ಯಾಸ್ಕೆಲ್ ಥರದ್ದೇ ಇನ್ನೊಂದು ಫಂಕ್ಷನಲ್ ಭಾಷೆಯಲ್ಲಿ. ಹಾಗಾಗಿ ಫಂಕ್ಷನಲ್ ಗುಣ ರಸ್ಟ್‌ಗೆ ಹುಟ್ಟಿನಿಂದಲೇ ಇದೆ, ಆಮೇಲೆ ಅಂಟಿಸಿದ್ದಲ್ಲ.

ಫಂಕ್ಷನಲ್ ಶೈಲಿ ಅಂದರೆ ಏನು? ಡೇಟಾವನ್ನು ಇದ್ದಲ್ಲೇ ತಿದ್ದುತ್ತಾ ಹೋಗುವ ಬದಲು ಒಂದು ಫಂಕ್ಷನ್‌ಗೆ ಕೊಟ್ಟು ಹೊಸ ಬೆಲೆ (ವ್ಯಾಲ್ಯೂ) ಪಡೆಯುವುದು, ಅದನ್ನು ಮುಂದಿನ ಫಂಕ್ಷನ್‌ಗೆ ದಾಟಿಸುವುದು. ನನ್ನ ಅನುಭವದಲ್ಲಿ ಇದರ ಅರ್ಧಕ್ಕಿಂತ ಜಾಸ್ತಿ ಲಾಭ ಇರುವುದು ಟೈಪನ್ನು, ಅಂದರೆ ಡೇಟಾ ಯಾವ ಬಗೆಯದು ಅನ್ನುವುದನ್ನು, ಸರಿಯಾಗಿ ಬರೆಯುವುದರಲ್ಲಿ; ಮ್ಯಾಪ್ (ಪ್ರತಿಯೊಂದನ್ನೂ ಬದಲಿಸು), ಫಿಲ್ಟರ್ (ಬೇಕಾದದ್ದನ್ನಷ್ಟೇ ಉಳಿಸು) ಹೆಣೆದ ಸರಪಳಿಯಲ್ಲಲ್ಲ. ಎಲ್ಲರೂ ಸರಪಳಿಯಿಂದ ಶುರು ಮಾಡಿ ಒದ್ದಾಡುತ್ತಾರೆ. ನಾವು ಇನ್ನೊಂದು ತುದಿಯಿಂದ ಶುರು ಮಾಡೋಣ.

ಏನೇನು ಬೇಕು

ರಸ್ಟಪ್ ಹಾಕಿಕೊಳ್ಳಿ. ಕಂಪೈಲರ್, ಕಾರ್ಗೋ ಎರಡೂ ಅದರ ಜೊತೆಗೇ ಬರುತ್ತವೆ. ಕಾರ್ಗೋ ಅಂದರೆ ಪ್ರಾಜೆಕ್ಟ್ ಕಟ್ಟುವ, ಹೊರಗಿನ ಲೈಬ್ರರಿ ತರಿಸುವ ಸಾಧನ. ವಿಂಡೋಸ್ ಇದ್ದರೆ ಮೈಕ್ರೋಸಾಫ್ಟ್‌ನ ಬಿಲ್ಡ್ ಟೂಲ್ಸ್ ಕೂಡ ಕೇಳುತ್ತದೆ. ಅದು ಕೆಲವು ಜಿಬಿ ಇರುತ್ತದೆ, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ, ಪೇಟೆಗೆ ಹೋದಾಗ ಮುಗಿಸಿಕೊಳ್ಳಿ. ಎಡಿಟರ್ ಯಾವುದಾದರೂ ಸರಿ, ರಸ್ಟ್-ಅನಲೈಜರ್ ಮಾತ್ರ ಇರಲೇಬೇಕು. ಸರಪಳಿಯ ಪ್ರತಿ ಸಾಲಿನಲ್ಲಿ ಯಾವ ಟೈಪ್ ಹರಿಯುತ್ತಿದೆ ಅಂತ ಪಕ್ಕದಲ್ಲೇ ತೋರಿಸುತ್ತದೆ.

ಜೂನ್ ಬಂದರೆ ನಮ್ಮ ಕಡೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಚಿಂತೆ ಇಲ್ಲ. ‘ರಸ್ಟಪ್ ಡಾಕ್’ ಅಂತ ಕೊಟ್ಟರೆ ಇಡೀ ಕೈಪಿಡಿ ನೆಟ್ ಇಲ್ಲದೆಯೇ ತೆರೆಯುತ್ತದೆ. ದೋಷದ ಸಂಖ್ಯೆ ಕೊಟ್ಟು ‘ರಸ್ಟ್‌ಸಿ --ಎಕ್ಸ್‌ಪ್ಲೇನ್’ ಅಂದರೆ ಆ ದೋಷದ ವಿವರಣೆಯೂ ಸಿಗುತ್ತದೆ.

ಇನ್ನೊಂದು ಮಾತು. ಇಲ್ಲಿ ಕೋಡನ್ನು ಪೂರ್ತಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಲೆಟ್, ಇಟರ್, ಮ್ಯಾಪ್ ಥರದ ರಸ್ಟ್‌ನ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಆದರೆ ನಿಮ್ಮ ವೇರಿಯಬಲ್, ಫಂಕ್ಷನ್, ಟೈಪುಗಳ ಹೆಸರು ಕನ್ನಡದಲ್ಲಿದ್ದರೆ ಅಡ್ಡಿಯಿಲ್ಲ. 2021ರ 1.53 ಆವೃತ್ತಿಯಿಂದ ರಸ್ಟ್ ಅದನ್ನು ಒಪ್ಪುತ್ತದೆ. ಒಂದೇ ಎಚ್ಚರಿಕೆ: ‘ರಸ್ಟ್‌ನಲ್ಲಿ’ ಅಂತ ಬರೆಯುವಾಗ ಮುಂದಿನ ‘ನ’ ಟಕಾರಕ್ಕೆ ಒತ್ತಾಗಿ ಅಂಟದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ, ಅಲ್ವಾ? ವೇರಿಯಬಲ್ ಹೆಸರಿನಲ್ಲಿ ಅದು ಸೇರಿದರೆ ಕಂಪೈಲರ್ ಒಪ್ಪುವುದಿಲ್ಲ. ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ, ದೋಷ ಮಾತ್ರ ಹೋಗುವುದಿಲ್ಲ.

ಕೊನೆಯದಾಗಿ ಡೇಟಾ. ಮಲೆನಾಡಿನಲ್ಲಿ ಮಳೆ ಡೈರಿ ಇಡುವ ಮನೆಗಳಿಗೆ ಬರವಿಲ್ಲ. ನಾನು ಅಪ್ಪಯ್ಯನ ಡೈರಿಯನ್ನು ಟೈಪ್ ಮಾಡಿಟ್ಟುಕೊಂಡಿದ್ದೇನೆ. ದಿನಕ್ಕೆ ಒಂದು ಸಾಲು: ತಾರೀಕು, ಅಲ್ಪವಿರಾಮ, ಓದು. ಈಚಿನ ವರ್ಷಗಳ ಓದು ‘42.5’ ಅಂತ ಮಿಲಿಮೀಟರಿನಲ್ಲಿದೆ. ಹಳೆಯವು ‘1-65’ ಅಂತ ಇವೆ, ಒಂದು ಇಂಚು 65 ಸೆಂಟ್ಸ್. ಸೆಂಟ್ಸ್ ಅಂದರೆ ಇಂಚಿನ ನೂರನೇ ಒಂದು ಭಾಗ. ತೋಟದವರು ಈಗಲೂ ಹಾಗೇ ಹೇಳುವುದು. ಅಳೆಯದ ದಿನಕ್ಕೆ ‘-’ ಗೆರೆ ಎಳೆದಿದ್ದಾರೆ.

ಹಂತ 1: ಮೊದಲು ಟೈಪ್, ಆಮೇಲೆ ಉಳಿದದ್ದು

ಈ ಮೂರು ಬಗೆಯ ಓದನ್ನು ಒಂದು ಈನಮ್ ಮಾಡಿ. ಈನಮ್ ಅಂದರೆ ‘ಇದು ಇವುಗಳಲ್ಲಿ ಯಾವುದಾದರೂ ಒಂದು’ ಎಂದು ಹೇಳುವ ಟೈಪ್. ಪ್ರತಿ ಬಗೆಯೂ ತನ್ನ ಹೊಟ್ಟೆಯಲ್ಲಿ ಬೇರೆ ಬೇರೆ ಡೇಟಾ ಇಟ್ಟುಕೊಳ್ಳಬಹುದು. ಕೆಳಗಿನ ಎಫ್64 ಅಂದರೆ ದಶಮಾಂಶ ಸಂಖ್ಯೆಯ ಟೈಪ್, ಯು32 ಅಂದರೆ ಸೊನ್ನೆಗಿಂತ ಕೆಳಗಿಳಿಯದ ಪೂರ್ಣಾಂಕದ ಟೈಪ್.

ಈನಮ್ ಓದು {
  ಮಿಮೀ(ಎಫ್64),
  ಇಂಚು(ಯು32, ಯು32),
  ಇಲ್ಲ,
}

ಈಗ ಮೂರನ್ನೂ ಒಂದೇ ಅಳತೆಗೆ ತರುವ ‘ಮೈಕ್ರಾನ್’ ಅನ್ನುವ ಫಂಕ್ಷನ್ ಬೇಕು. ಮಿಲಿಮೀಟರಿಗೇ ತರಬಹುದಲ್ಲ ಅನ್ನಬಹುದು. ಬೇಡ. ಒಂದು ಇಂಚು 25.4 ಮಿ.ಮೀ., ಅಂದರೆ ಒಂದು ಸೆಂಟು 0.254 ಮಿ.ಮೀ. ಮಿಲಿಮೀಟರನ್ನು 1000 ಪಾಲು ಮಾಡಿದರೆ ಒಂದು ಸೆಂಟು ಸರಿಯಾಗಿ 254 ಮೈಕ್ರಾನ್, ದಶಮಾಂಶದ ಗೋಜಿಲ್ಲ. ‘1-65’ ಅಂದರೆ 165 ಸೆಂಟು, 41,910 ಮೈಕ್ರಾನ್. ಎಲ್ಲ ಪೂರ್ಣಾಂಕ.

ದಶಮಾಂಶ ಯಾಕೆ ಬೇಡ ಅಂದರೆ, ರಸ್ಟ್‌ನಲ್ಲಿ ಎಫ್64ಗಳ ಸಾಲಿಗೆ ಸುಮ್ನೆ ‘ಮ್ಯಾಕ್ಸ್’ ಅಂದರೆ ನಡೆಯುವುದಿಲ್ಲ. ‘ಸಂಖ್ಯೆಯೇ ಅಲ್ಲ’ ಅನ್ನುವ ಒಂದು ಬೆಲೆಯೂ ಆ ಟೈಪಿನಲ್ಲಿದೆ. ಅದು ಯಾವುದಕ್ಕಿಂತ ದೊಡ್ಡದು, ಯಾವುದಕ್ಕಿಂತ ಚಿಕ್ಕದು ಅಂತ ಹೇಳಲು ಬರುವುದಿಲ್ಲ. ಜೊತೆಗೆ 4.35 ಅನ್ನು 100ರಿಂದ ಗುಣಿಸಿದರೆ ಕಂಪ್ಯೂಟರಿಗೆ 435 ಬರುವುದಿಲ್ಲ, 434.99999999999994 ಬರುತ್ತದೆ. ಅದನ್ನು ‘ಆಸ್’ ಹಾಕಿ ಪೂರ್ಣಾಂಕ ಮಾಡಿದರೆ 434. ಹಾಗಾಗಿ ಮಿಲಿಮೀಟರನ್ನು ಮೈಕ್ರಾನ್ ಮಾಡುವಾಗ ಮೊದಲು ‘ರೌಂಡ್’, ಆಮೇಲೆ ‘ಆಸ್’.

ಮೈಕ್ರಾನಿಗೆ ಯು32 ಇರಲಿ. ಜಾಗ ಉಳಿಸೋಣ ಅಂತ ಯು16 ಹಾಕಿದವರಿದ್ದಾರೆ. ಅದರಲ್ಲಿ ಹಿಡಿಸುವುದು 65,535ರವರೆಗೆ, ಅಂದರೆ ಅರವತ್ತೈದೂವರೆ ಮಿಲಿಮೀಟರ್. ಹೊಸನಗರದಲ್ಲಿ ಒಂದು ಆರಿದ್ರಾ ಮಳೆಯ ರಾತ್ರಿಗೇ ತುಂಬಿ ಚೆಲ್ಲುತ್ತದೆ.

ಈನಮ್ ಅನ್ನು ಬಿಡಿಸಿ ನೋಡುವುದು ‘ಮ್ಯಾಚ್’ ಮೂಲಕ. ಇಲ್ಲೇ ರಸ್ಟ್ ಮಜಾ ಕೊಡುವುದು. ಮ್ಯಾಚ್‌ನಲ್ಲಿ ಒಂದು ಬಗೆಯನ್ನು ಮರೆತರೂ ಕಂಪೈಲ್ ಆಗುವುದಿಲ್ಲ. ಸಂಖ್ಯೆಗಳ ವಿಷಯದಲ್ಲೂ ಅಷ್ಟೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 115.6ರಿಂದ 204.4 ಅತಿ ಭಾರೀ, ಅದರ ಮೇಲೆ ಅತ್ಯಂತ ಭಾರೀ. ಇದನ್ನು ಹಾಗೇ ಮೈಕ್ರಾನಿಗೆ ಇಳಿಸಿ ಬರೆಯಿರಿ (‘ಮ’ ಅಂದರೆ ಮೈಕ್ರಾನ್ ಸಂಖ್ಯೆ, ‘ವರ್ಗ’ ಇನ್ನೊಂದು ಈನಮ್):

ಮ್ಯಾಚ್ ಮ {
  0..=64499 => ವರ್ಗ::ಸಾಧಾರಣ,
  64500..=115500 => ವರ್ಗ::ಭಾರೀ,
  115600..=204400 => ವರ್ಗ::ಅತಿಭಾರೀ,
  204401.. => ವರ್ಗ::ಅತ್ಯಂತಭಾರೀ,
}

ಕಂಪೈಲರ್ ಬಿಡುವುದಿಲ್ಲ. ‘115501ರಿಂದ 115599ರವರೆಗೆ ಏನು ಮಾಡಲಿ?’ ಅಂತ ಬೆರಳಿಟ್ಟು ಕೇಳುತ್ತದೆ. ಇಲಾಖೆಗೆ ಈ ಸಂದು ಲೆಕ್ಕಕ್ಕಿಲ್ಲ, ಅಲ್ಲಿ ಓದು ಒಂದೇ ದಶಮಾಂಶಕ್ಕೆ ನಿಲ್ಲುತ್ತದೆ. ನಮಗೆ ಲೆಕ್ಕಕ್ಕಿದೆ. ಹಳೆಯ ಡೈರಿಯಲ್ಲಿ ‘4-55’ ಅಂತ ಒಂದು ದಿನ ಇದ್ದರೆ ಅದು 455 ಸೆಂಟು, 1,15,570 ಮೈಕ್ರಾನ್. ಸೀದಾ ಆ ಸಂದಿಗೇ ಬೀಳುತ್ತದೆ. ಇಫ್-ಎಲ್ಸ್ ಬರೆದಿದ್ದರೆ ಆ ದಿನ ಯಾವ ಗುಂಪಿಗೋ ಸೇರಿ ಹೋಗುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ನಾನು 115500ರ ಜಾಗದಲ್ಲಿ 115599 ಹಾಕಿ ಸಂದು ಮುಚ್ಚಿದೆ. ನೀವು ಬೇರೆ ಥರ ಮುಚ್ಚಬಹುದು. ಬೇಕೆಂದು ಮುಚ್ಚಿದಿರಿ ಅನ್ನುವುದು ಮುಖ್ಯ.

ಹುಷಾರು: ಮ್ಯಾಚ್‌ನ ಕೊನೆಯಲ್ಲಿ ‘_ =>’ ಹಾಕಿದರೆ ‘ಉಳಿದದ್ದೆಲ್ಲ ಇಲ್ಲಿಗೆ’ ಅಂತ ಅರ್ಥ. ದೋಷ ಹೋಗಲಿ ಅಂತ ಅದನ್ನು ಹಾಕಿದಿರೋ, ಕಾವಲುಗಾರನನ್ನು ನೀವೇ ಮನೆಗೆ ಕಳಿಸಿದ ಹಾಗೆ.

ಹಂತ 2: ಓದಿಸುವ ಕೆಲಸ ಪುಟ್ಟ ಫಂಕ್ಷನ್‌ಗೆ

ಒಂದು ಸಾಲು ಅಕ್ಷರ ತೆಗೆದುಕೊಂಡು ‘ಓದು’ ಕೊಡುವ ಫಂಕ್ಷನ್ ಬರೆಯಿರಿ. ಹೆಸರು ‘ಓದಿಸು’ ಅಂತಿರಲಿ. ಇದು ಪ್ಯೂರ್ ಆಗಿರಬೇಕು. ಅಂದರೆ ಕೊಟ್ಟದ್ದನ್ನು ಮಾತ್ರ ನೋಡಬೇಕು, ಫೈಲ್ ತೆರೆಯಬಾರದು, ಏನನ್ನೂ ಪ್ರಿಂಟ್ ಮಾಡಬಾರದು, ಒಂದೇ ಸಾಲಿಗೆ ಯಾವಾಗಲೂ ಒಂದೇ ಉತ್ತರ ಕೊಡಬೇಕು. ಫೈಲ್ ತೆರೆಯುವ ಗಲಾಟೆಯೆಲ್ಲ ಪ್ರೋಗ್ರಾಂ ಶುರುವಾಗುವ ಫಂಕ್ಷನ್ ಆದ ಮೇನ್‌ನಲ್ಲಿರಲಿ.

ಸಾಲು ಸರಿ ಇಲ್ಲದಿದ್ದರೆ? ‘ರಿಸಲ್ಟ್’ ಕೊಡಿ. ರಿಸಲ್ಟ್ ಕೂಡ ಒಂದು ಈನಮ್ಮೇ: ‘ಓಕೆ’ ಒಳಗೆ ಉತ್ತರ, ಇಲ್ಲವೇ ‘ಎರ್’ ಒಳಗೆ ದೋಷ. ರಿಸಲ್ಟ್ ಬರುವ ಕರೆಯ ಕೊನೆಗೆ ‘?’ ಚಿಹ್ನೆ ಹಾಕಿದರೆ, ದೋಷ ಬಂದಾಗ ಫಂಕ್ಷನ್ ಅಲ್ಲಿಂದಲೇ ವಾಪಸಾಗುತ್ತದೆ. ಕನ್ನಡದಲ್ಲಿ ‘ಆಗದಿದ್ದರೆ ಬಿಡು, ಹಿಂದಕ್ಕೆ ಹೇಳು’ ಅಂದ ಹಾಗೆ.

ಕನ್ನಡದವರಿಗೆ ಮಾತ್ರ ಇರುವ ಒಂದು ಗುಂಡಿ ಇಲ್ಲಿದೆ. ಡೈರಿಯಲ್ಲಿ ಅಂಕಿ ‘೪೨’ ಅಂತಿದ್ದು, ಟೈಪ್ ಮಾಡಿದವರೂ ಹಾಗೇ ಇಟ್ಟರೆ ರಸ್ಟ್‌ನ ‘ಪಾರ್ಸ್’ ಸೋಲುತ್ತದೆ. ಅದಕ್ಕೆ ಗೊತ್ತಿರುವುದು 0ಯಿಂದ 9 ಮಾತ್ರ. ಹಾಗಾದರೆ ಒಂದು ಅಕ್ಷರವನ್ನು ಹೇಗೆ ಬದಲಿಸುವುದು?

('೦'..='೯').ಪೊಸಿಷನ್(|ಅಂ| ಅಂ == ಅಕ್ಷರ)

ಕನ್ನಡದ ಸೊನ್ನೆಯಿಂದ ಒಂಬತ್ತರವರೆಗೆ ಸಾಲಾಗಿ ನಿಲ್ಲಿಸಿ, ‘ಈ ಅಕ್ಷರ ಎಷ್ಟನೆಯದು?’ ಅಂತ ಕೇಳಿದೆವು. ‘೪’ ಕೊಟ್ಟರೆ 4 ಬರುತ್ತದೆ. ಸಾಲಿನಲ್ಲಿ ಇಲ್ಲದ ಅಕ್ಷರ ಕೊಟ್ಟರೆ ‘ನನ್’, ಅಂದರೆ ‘ಏನೂ ಇಲ್ಲ’ ಅಂತ ಬರುತ್ತದೆ. ಎರಡು ಗೆರೆಗಳ ನಡುವೆ ಹೆಸರು ಬರೆದು ಆಮೇಲೆ ಕೆಲಸ ಹೇಳಿದ್ದೇವಲ್ಲ, ಅದೇ ಕ್ಲೋಷರ್: ಹೆಸರಿಲ್ಲದ ಪುಟ್ಟ ಫಂಕ್ಷನ್. ‘ಅಕ್ಷರ’ ಎಂಬುದನ್ನು ನಾವು ಕೈಗೆ ಕೊಡಲಿಲ್ಲ, ಸುತ್ತಲಿಂದ ಅದೇ ಹಿಡಿದುಕೊಂಡು ಬಂತು. ಈ ಹಿಡಿದುಕೊಳ್ಳುವ ಬುದ್ಧಿ ಮುಂದೆ ತೊಂದರೆ ಕೊಡುತ್ತದೆ, ನೆನಪಿಡಿ.

ಪದದ ಉದ್ದದ ಬಗ್ಗೆಯೂ ಒಂದು ಎಚ್ಚರಿಕೆ. ‘ಮಳೆ’ ಅನ್ನುವ ಪದಕ್ಕೆ ‘ಲೆನ್’ ಕೇಳಿದರೆ 2 ಬರುವುದಿಲ್ಲ, 9 ಬರುತ್ತದೆ. ಲೆನ್ ಎಣಿಸುವುದು ಬೈಟುಗಳನ್ನು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಎಕಾರದ ಗುರುತೂ ಒಂದು ಚಿಹ್ನೆ. ಸಾಲನ್ನು ಬೈಟಿನ ಲೆಕ್ಕದಲ್ಲಿ ಕತ್ತರಿಸಬೇಡಿ, ಅಲ್ಪವಿರಾಮದಲ್ಲಿ ಎರಡಾಗಿ ಸೀಳಲು ‘ಸ್ಪ್ಲಿಟ್_ಒನ್ಸ್’ ಬಳಸಿ.

ಹಂತ 3: ಸರಪಳಿ ಕಟ್ಟುವುದು

ಈಗ ಇಟರೇಟರ್. ಒಂದಾದ ಮೇಲೊಂದು ಬೆಲೆ ಕೊಡುತ್ತಾ ಹೋಗುವ ವಸ್ತು ಅದು. ಹವಾಮಾನ ಇಲಾಖೆಗೆ ‘ಮಳೆ ದಿನ’ ಅಂದರೆ ಕನಿಷ್ಠ 2.5 ಮಿ.ಮೀ. ಬಿದ್ದ ದಿನ. ಅಂಥವು ಎಷ್ಟು?

ಲೆಟ್ ಮಳೆದಿನ = ಓದುಗಳು
  .ಇಟರ್()
  .ಫಿಲ್ಟರ್_ಮ್ಯಾಪ್(|ಓ| ಓ.ಮೈಕ್ರಾನ್())
  .ಫಿಲ್ಟರ್(|&ಮ| ಮ >= 2500)
  .ಕೌಂಟ್();

‘ಮೈಕ್ರಾನ್’ ಫಂಕ್ಷನ್ ‘ಆಪ್ಷನ್’ ಕೊಡುತ್ತದೆ: ಅಳತೆ ಇದ್ದರೆ ‘ಸಮ್’ ಒಳಗೆ ಸಂಖ್ಯೆ, ಇಲ್ಲದಿದ್ದರೆ ‘ನನ್’. ಫಿಲ್ಟರ್_ಮ್ಯಾಪ್ ನನ್‌ಗಳನ್ನು ಕೈಬಿಟ್ಟು ಉಳಿದವನ್ನು ಬಿಡಿಸಿ ಮುಂದೆ ಕಳಿಸುತ್ತದೆ.

ಇದನ್ನು ಹೇಳಿಕೊಡುವಾಗ ಅಡಿಕೆ ಮನೆಯ ಹೋಲಿಕೆ ಸುಲಭವಾಗಿ ಬಾಯಿಗೆ ಬರುತ್ತದೆ: ಸುಲಿ, ಬೇಯಿಸು, ಒಣಗಿಸು, ಆರಿಸು. ಆದರೆ ಹೋಲಿಕೆ ಒಂದು ಕಡೆ ಕೈ ಕೊಡುತ್ತದೆ, ಆ ಕಡೆಯೇ ಮುಖ್ಯ. ಅಡಿಕೆ ಮನೆಯಲ್ಲಿ ಎಲ್ಲ ಸುಲಿದು ಮುಗಿದ ಮೇಲೆ ಹಂಡೆಗೆ ಹಾಕುತ್ತೇವೆ. ಇಟರೇಟರಿನಲ್ಲಿ ಒಂದೇ ಅಡಿಕೆ ಸುಲಿದು, ಬೆಂದು, ಒಣಗಿ, ಚೀಲಕ್ಕೆ ಬಿದ್ದ ಮೇಲೇ ಎರಡನೆಯದಕ್ಕೆ ಕೈ ಹಾಕುವುದು. ನಡುವೆ ಎಲ್ಲೂ ರಾಶಿ ಬೀಳುವುದಿಲ್ಲ. ಮೆಮೊರಿ ಉಳಿಯುವುದು ಹಾಗೆ. ನಂಬಿಕೆ ಬರದಿದ್ದರೆ ಎರಡು ಹಂತಗಳ ನಡುವೆ ‘ಇನ್‌ಸ್ಪೆಕ್ಟ್’ ಸೇರಿಸಿ ಪ್ರಿಂಟ್ ಮಾಡಿ ನೋಡಿ.

ಚೀಲ ಹಿಡಿದು ಕೆಳಗೆ ಯಾರೂ ನಿಲ್ಲದಿದ್ದರೆ ಒಂದು ಅಡಿಕೆಯೂ ಸುಲಿಯುವುದಿಲ್ಲ. ಕೌಂಟ್, ಸಮ್ (ಮೊತ್ತ), ಕಲೆಕ್ಟ್ (ಪಟ್ಟಿಗೆ ತುಂಬುವುದು), ಫಾರ್_ಈಚ್ ಇವೆಲ್ಲ ಚೀಲ ಹಿಡಿಯುವವರು. ಬರೀ ಮ್ಯಾಪ್ ಬರೆದು ಅರ್ಧವಿರಾಮ ಹಾಕಿದರೆ ಏನೂ ನಡೆಯುವುದಿಲ್ಲ. ಕಂಪೈಲರ್ ಹಳದಿ ಅಕ್ಷರದಲ್ಲಿ ‘ಇಟರೇಟರ್ ಸೋಮಾರಿ, ಬಳಸದಿದ್ದರೆ ಏನೂ ಮಾಡುವುದಿಲ್ಲ’ ಅಂತ ಎಚ್ಚರಿಸುತ್ತದೆ. ದಯವಿಟ್ಟು ಹಳದಿ ಸಾಲುಗಳನ್ನು ಓದಿ.

ಹಂತ 4: ಯಾರ ಸ್ವತ್ತು, ಯಾರ ಕಡ

ಬಾರೋ ಚೆಕರ್ ಬೈಯುವುದು ಇಲ್ಲಿ. ಪಟ್ಟಿಯೊಂದರಿಂದ ಇಟರೇಟರ್ ತೆಗೆಯಲು ಮೂರು ದಾರಿ. ‘ಇಟರ್’ ಅಂದರೆ ನೋಡಿ ವಾಪಸ್ ಕೊಡುತ್ತೇನೆ. ‘ಇಟರ್_ಮ್ಯೂಟ್’ ಅಂದರೆ ತಿದ್ದಿ ವಾಪಸ್ ಕೊಡುತ್ತೇನೆ. ‘ಇಂಟು_ಇಟರ್’ ಅಂದರೆ ನನಗೇ ಕೊಟ್ಟುಬಿಡಿ. ‘ಫಾರ್ ಓ ಇನ್ ಓದುಗಳು’ ಅಂತ ಬರೆದರೆ ಮೂರನೆಯದೇ ಆಗುವುದು, ಲೂಪ್ ಮುಗಿಯುವಷ್ಟರಲ್ಲಿ ಪಟ್ಟಿ ನಿಮ್ಮದಲ್ಲ. ಕೆಳಗೆ ಮತ್ತೆ ಬಳಸಿದರೆ ಇ0382 ದೋಷ. ‘&ಓದುಗಳು’ ಅಂತ ಬರೆಯಿರಿ, ಮುಗಿಯಿತು.

ಎರಡನೆಯ ಬೈಗುಳ ಸೂಕ್ಷ್ಮ. ಪಕ್ಕದ ಮನೆಯಿಂದ ದೋಟಿ ಕಡ ತಂದಿದ್ದೀರಿ ಅನ್ನಿ. ಅಡಿಕೆ ಕೊನೆ ಇಳಿಸುವುದನ್ನು ನಾಳೆಗೆ ಮುಂದೂಡಿದಿರಿ. ದೋಟಿ ಇವತ್ತು ಅವರಿಗೆ ವಾಪಸಾಗುತ್ತಾ? ಇಲ್ಲ. ಸೋಮಾರಿ ಇಟರೇಟರ್ ಮಾಡುವುದೂ ಇದನ್ನೇ. ಹೊರಗಿನ ‘ಎಣಿಕೆ’ಯನ್ನು ಒಂದೊಂದೇ ಹೆಚ್ಚಿಸುವ ಕ್ಲೋಷರನ್ನು ಮ್ಯಾಪ್‌ಗೆ ಕೊಟ್ಟು, ಆ ಸರಪಳಿಯನ್ನು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಂಡಿರಿ. ಮುಂದಿನ ಸಾಲಿನಲ್ಲಿ ‘ಎಣಿಕೆ’ ಪ್ರಿಂಟ್ ಮಾಡಿ, ಅದರ ಮುಂದಿನ ಸಾಲಿನಲ್ಲಿ ಸರಪಳಿಯ ಮೊತ್ತ ಕೇಳಿದಿರಿ. ಕಂಪೈಲ್ ಆಗುವುದಿಲ್ಲ. ಸರಪಳಿ ಇನ್ನೂ ಓಡಿಲ್ಲ, ‘ಎಣಿಕೆ’ ಇನ್ನೂ ಕ್ಲೋಷರಿನ ಕೈಯಲ್ಲೇ ಇದೆ. ‘ನಾನು ಬರೀ ಓದುತ್ತಿದ್ದೇನೆ, ಯಾಕೆ ಬೈಯುತ್ತೆ?’ ಅಂತ ಬರುವ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ.

ಪರಿಹಾರ ‘ಕ್ಲೋನ್’ (ನಕಲು ತೆಗೆಯುವುದು) ಅಲ್ಲ. ದೋಷ ಕಂಡಲ್ಲೆಲ್ಲ ಕ್ಲೋನ್ ಉದುರಿಸುವ ಚಟ ಬೇಗ ಹಿಡಿಯುತ್ತದೆ, ಬಿಡುವುದು ಕಷ್ಟ. ಸರಪಳಿಯನ್ನು ಕಟ್ಟಿದ ಸಾಲಿನಲ್ಲೇ ಓಡಿಸಿ ಮುಗಿಸಿ. ಎಣಿಕೆಯನ್ನು ಹೊರಗಿಂದ ತಿದ್ದಬೇಡಿ, ಸರಪಳಿಯ ಉತ್ತರವಾಗಿಯೇ ಪಡೆಯಿರಿ.

ಕ್ಲೋಷರಿಗೆ ಮೂರು ಜಾತಿ. ಹಿಡಿದದ್ದನ್ನು ಬರೀ ನೋಡುವುದು ಎಫ್ಎನ್, ತಿದ್ದುವುದು ಎಫ್ಎನ್‌ಮ್ಯೂಟ್, ನುಂಗಿಬಿಡುವುದು ಎಫ್ಎನ್‌ಒನ್ಸ್. ನುಂಗುವುದನ್ನು ಒಂದೇ ಸಲ ಕರೆಯಬಹುದು. ‘ಮೂವ್’ ಪದ ಹಾಕಿದರೆ ಹಿಡಿದದ್ದು ಕಡವಲ್ಲ, ಕ್ಲೋಷರಿನದೇ ಸ್ವತ್ತು. ಪಕ್ಕದಲ್ಲೇ ಓಡುವ ಇನ್ನೊಂದು ಕೆಲಸದ ಸಾಲಿಗೆ, ಅಂದರೆ ಥ್ರೆಡ್‌ಗೆ ಕಳಿಸುವಾಗ, ಫಂಕ್ಷನ್ನಿನಿಂದ ಕ್ಲೋಷರನ್ನೇ ಹಿಂದಿರುಗಿಸುವಾಗ ಇದು ಬೇಕಾಗುತ್ತದೆ.

ಇನ್ನೊಂದು ಕಿರಿಕಿರಿ: ಇಟರ್ ಕೊಡುವುದು ಕಡದ ವಸ್ತು, ಫಿಲ್ಟರ್ ಅದನ್ನು ಮತ್ತೆ ಕಡವಾಗಿ ತೋರಿಸುತ್ತದೆ. ಹಾಗಾಗಿ ಫಿಲ್ಟರಿನ ಒಳಗೆ ‘&&’ ಕಾಣುವುದು. ಬರೀ ಸಂಖ್ಯೆಗಳ ಪಟ್ಟಿಯಾದರೆ ಇಟರ್ ಆದ ಕೂಡಲೇ ‘ಕಾಪೀಡ್’ ಸೇರಿಸಿ, ಒಂದು ಪದರ ಹೋಗುತ್ತದೆ.

ಹಂತ 5: ಗೆರೆ ಎಳೆದ ದಿನ ಸೊನ್ನೆಯಲ್ಲ

ನಾನೇ ಎಡವಿದ ಜಾಗ ಇದು. ಸರಾಸರಿ ತೆಗೆಯುವ ಅವಸರದಲ್ಲಿ ‘ಅನ್‌ರ‍್ಯಾಪ್_ಆರ್(0)’ ಹಾಕಿದ್ದೆ. ‘ಅಳತೆ ಇಲ್ಲದಿದ್ದರೆ 0 ಅಂತ ತಿಳಿ’ ಅಂತ ಅದರ ಅರ್ಥ. ಅಪ್ಪಯ್ಯ ಪಟ್ಟಿ ನೋಡಿದರು. ‘ಜುಲೈನಲ್ಲಿ ಮೂರು ದಿನ ಮಳೆ ಬರ್ಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ನಾನು ಸಾಗರಕ್ಕೆ ಮದುವೆಗೆ ಹೋಗಿದ್ದೆ ಮಾರಾಯ.’

ನಾಲ್ಕು ದಿನದ ಓದು 80, 60, -, 100 ಅನ್ನಿ. ಗೆರೆಯನ್ನು ಸೊನ್ನೆ ಮಾಡಿದರೆ ಸರಾಸರಿ 60. ಬಿಟ್ಟು ಲೆಕ್ಕ ಹಾಕಿದರೆ 80. ಯಾವುದು ಸರಿ? ಆ ದಿನ ಗೇಜ್ ಉರುಳಿ ನೀರು ಚೆಲ್ಲಿದ್ದರೆ ನಮಗೆ ಗೊತ್ತಿರುವ ಮಟ್ಟಿಗೆ 80 ಸರಿ. ಮನೆಯಲ್ಲಿ ಯಾರೂ ಇಲ್ಲದೆ ಗೇಜಿನಲ್ಲೇ ನೀರು ಉಳಿದು, ಮರುದಿನದ 100ರಲ್ಲಿ ಎರಡು ದಿನದ ಮಳೆಯೂ ಸೇರಿದ್ದರೆ 60 ಸರಿ. ಒಂದೇ ಗೆರೆಯ ಹಿಂದೆ ಎರಡು ಅರ್ಥ ಅಡಗಿದೆ.

ಇದಕ್ಕೆ ಈನಮ್ಮಿಗೆ ನಾಲ್ಕನೆಯ ಬಗೆ ಸೇರಿಸಿದೆ: ‘ಕೂಡಿದ್ದು’, ಒಳಗೆ ಒಟ್ಟು ಮೈಕ್ರಾನ್ ಮತ್ತು ಎಷ್ಟು ದಿನದ್ದು ಅನ್ನುವ ಸಂಖ್ಯೆ. ಸೇರಿಸಿದ ತಕ್ಷಣ ‘ಓದು’ವನ್ನು ಬಿಡಿಸಿದ್ದ ಪ್ರತಿ ಮ್ಯಾಚ್ ಕೆಂಪಾಯಿತು. ವರ್ಷದ ಮೊತ್ತದಲ್ಲಿ ಹಾಗೇ ಕೂಡಿಸಬಹುದು. ಅತಿ ಹೆಚ್ಚು ಮಳೆ ಬಿದ್ದ ದಿನ ಹುಡುಕುವಾಗ ಬಿಡಬೇಕು, ಇಲ್ಲದಿದ್ದರೆ ಮದುವೆ ಮುಗಿಸಿ ಬಂದ ದಿನವೇ ದಾಖಲೆಯಾಗುತ್ತದೆ. ಒಂದೊಂದು ಕೆಂಪು ಗೆರೆಯೂ ಒಂದೊಂದು ಪ್ರಶ್ನೆ. ಹಂತ 1ರಲ್ಲಿ ‘_ =>’ ಬೇಡ ಅಂದದ್ದು ಈ ದಿನಕ್ಕಾಗಿ.

ರಿಸಲ್ಟ್‌ಗಳ ಸಾಲಿನಲ್ಲೂ ಇಂಥದ್ದೇ ಬಲೆ ಇದೆ. ಎಲ್ಲ ಸಾಲಿಗೂ ‘ಓದಿಸು’ ಮ್ಯಾಪ್ ಮಾಡಿದಿರಿ, ಈಗ ಕೈಯಲ್ಲಿ ರಿಸಲ್ಟ್‌ಗಳು ಹರಿಯುತ್ತಿವೆ. ಅದಕ್ಕೆ ‘ಫ್ಲ್ಯಾಟನ್’ ಹಾಕಿದರೆ ಕೋಡ್ ಚೊಕ್ಕ ಕಾಣುತ್ತದೆ, ಆದರೆ ಎರ್‌ಗಳೆಲ್ಲ ಸದ್ದಿಲ್ಲದೆ ಮಾಯ. ಅದರ ಬದಲು ಕಲೆಕ್ಟ್‌ನಿಂದ ‘ರಿಸಲ್ಟ್<ವೆಕ್<ಓದು>, ದೋಷ>’ ಟೈಪನ್ನು ಕೇಳಿ. ಎಲ್ಲವೂ ಸರಿ ಇದ್ದರೆ ಪೂರ್ತಿ ಪಟ್ಟಿ ಬರುತ್ತದೆ, ಒಂದು ಕೆಟ್ಟರೂ ಆ ಮೊದಲ ದೋಷ ಬಂದು ಕೆಲಸ ನಿಲ್ಲುತ್ತದೆ. ಕೆಟ್ಟ ಸಾಲುಗಳೆಲ್ಲ ಒಟ್ಟಿಗೆ ಬೇಕೆಂದರೆ ‘ಪಾರ್ಟಿಷನ್’ ಬಳಸಿ ಎರಡು ಪಟ್ಟಿ ಮಾಡಿ. ಸಾಲಿನ ಸಂಖ್ಯೆ ಹೇಳಲು ‘ಎನ್ಯುಮರೇಟ್’ ಇದೆ. ಅದು 0ಯಿಂದ ಎಣಿಸುತ್ತದೆ, ಒಂದು ಕೂಡಿಸಿ ತೋರಿಸಿ.

‘ಜಿಪ್’ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಡೈರಿ ಜೊತೆ ಹೋಲಿಸಲು ಎರಡು ಪಟ್ಟಿಯನ್ನು ಜಿಪ್ ಮಾಡುವವರಿದ್ದಾರೆ. ಒಂದು ಪಟ್ಟಿ ಚಿಕ್ಕದಿದ್ದರೆ ಜಿಪ್ ಅಲ್ಲಿಗೇ ಸುಮ್ಮನಾಗುತ್ತದೆ, ದೋಷ ಕೊಡುವುದಿಲ್ಲ. ನಡುವೆ ಒಂದು ಸಾಲು ತಪ್ಪಿದ್ದರೆ ಅಲ್ಲಿಂದ ಮುಂದೆ ಎಲ್ಲ ದಿನಗಳೂ ಒಂದೊಂದು ಜರುಗಿರುತ್ತವೆ. ಬೆಳಗ್ಗೆ 8:30ರ ಓದನ್ನು ಒಬ್ಬರು ಅಂದಿನ ತಾರೀಕಿಗೆ, ಇನ್ನೊಬ್ಬರು ಹಿಂದಿನ ದಿನಕ್ಕೆ ಬರೆದಿದ್ದರೂ ಇದೇ ಕಥೆ. ತಾರೀಕನ್ನು ಕೀಲಿ ಮಾಡಿ ‘ಬಿಟ್ರೀಮ್ಯಾಪ್’ (ಕೀಲಿಯ ಕ್ರಮದಲ್ಲೇ ಜೋಡಿಸಿಡುವ ಪಟ್ಟಿ) ಕಟ್ಟಿ, ತಾರೀಕು ಕೊಟ್ಟು ಹುಡುಕಿ.

ಹಂತ 6: ಫೋಲ್ಡ್, ಮತ್ತೆ ಫಾರ್ ಲೂಪಿನ ಮಾತು

ಸತತವಾಗಿ ಮಳೆ ಸುರಿದ ಅತಿ ಉದ್ದದ ಅವಧಿ ಎಷ್ಟು ದಿನ? ಇದಕ್ಕೆ ಹಿಂದಿನ ದಿನದ ನೆನಪು ಬೇಕು. ಫೋಲ್ಡ್ ಅಂದರೆ ಕೈಯಲ್ಲಿ ಒಂದು ಬೆಲೆ ಹಿಡಿದು, ಪ್ರತಿ ಹೆಜ್ಜೆಗೂ ಹೊಸದನ್ನು ಹಿಡಿಯುತ್ತಾ ನಡೆಯುವುದು. ನಮ್ಮ ಕೈಯಲ್ಲಿ ಎರಡು ಸಂಖ್ಯೆಯ ಜೋಡಿ ಇರಲಿ: ಈಗ ನಡೆಯುತ್ತಿರುವ ಓಟ, ಈವರೆಗಿನ ಅತಿ ಉದ್ದದ ಓಟ. ಓದು 3, 5, 0, 12, 70, 8 ಮಿ.ಮೀ. ಆದರೆ ಜೋಡಿ ಹೀಗೆ ಸಾಗುತ್ತದೆ: (0,0), (1,1), (2,2), (0,2), (1,2), (2,2), (3,3). ಉತ್ತರ 3.

ಇದನ್ನು ಫೋಲ್ಡ್‌ನಲ್ಲಿ ಬರೆದೆ, ಓಡಿತು. ಮೂರು ತಿಂಗಳ ಮೇಲೆ ನಾನೇ ಓದಿದಾಗ ಅರ್ಥವಾಗಲು ಹೊತ್ತು ಹಿಡಿಯಿತು. ಈಗ ಅದು ಫಾರ್ ಲೂಪಿನಲ್ಲಿದೆ, ಎರಡು ‘ಮ್ಯೂಟ್’ ವೇರಿಯಬಲ್ ಜೊತೆ. ನಾಚಿಕೆ ಏನಿಲ್ಲ. ತಿದ್ದುವುದನ್ನು ಫಂಕ್ಷನಲ್ ಭಾಷೆಗಳು ದೂರ ಇಡುವುದು, ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ತಟ್ಟಬಾರದು ಅಂತ. ರಸ್ಟ್‌ನಲ್ಲಿ ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಮುಟ್ಟುವುದನ್ನು ಬಾರೋ ಚೆಕರ್ ಮೊದಲೇ ತಡೆದಿದೆ. ಫಂಕ್ಷನ್ ಹೊರಗಿನಿಂದ ಪ್ಯೂರ್ ಆಗಿದ್ದರೆ ಸಾಕು, ಒಳಗೆ ಲೂಪ್ ತಿರುಗಲಿ ಬಿಡಿ. ಫೋಲ್ಡ್‌ನ ಜೋಡಿ ಮೂರು-ನಾಲ್ಕು ಸಂಖ್ಯೆಗೆ ಬೆಳೆಯಿತೋ, ನಾನು ಲೂಪಿಗೆ ಹೋಗುತ್ತೇನೆ.

ಮೂರು ದಿನದ ಮೊತ್ತದಂಥ ಲೆಕ್ಕಕ್ಕೆ ಎರಡೂ ಬೇಡ, ‘ವಿಂಡೋಸ್(3)’ ಇದೆ. ಪಟ್ಟಿಯ ಮೇಲೆ ಮೂರು ದಿನ ಅಗಲದ ಕಿಟಕಿ ಸರಿಸುತ್ತಾ ಹೋಗುತ್ತದೆ.

ಹ್ಯಾಸ್ಕೆಲ್ ಕಡೆಯಿಂದ ಬಂದವರಿಗೆ ಎರಡು ಕಿವಿಮಾತು. ಲೂಪಿನ ಬದಲು ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವಂತೆ ಬರೆಯಬೇಡಿ. ಕೊನೆಯ ಕರೆಯನ್ನು ಜಿಗಿತವಾಗಿ ಬದಲಿಸಿಕೊಡುತ್ತೇನೆ ಅಂತ ರಸ್ಟ್ ಮಾತು ಕೊಟ್ಟಿಲ್ಲ. ಹೊಸ ಥ್ರೆಡ್‌ಗೆ ಸಿಗುವ ಸ್ಟ್ಯಾಕ್ (ಕರೆಗಳ ಲೆಕ್ಕ ಇಡುವ ಮೆಮೊರಿ) ಸಾಮಾನ್ಯವಾಗಿ 2 ಎಂಬಿ. ನಲವತ್ತು ವರ್ಷದ ಡೈರಿ ಅಂದರೆ 14,610 ಸಾಲು, ಅಷ್ಟು ಆಳಕ್ಕೆ ಇಳಿದರೆ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬೀಳಬಹುದು. ಇನ್ನೊಂದು, ಫೋಲ್ಡ್‌ನ ಪ್ರತಿ ಹೆಜ್ಜೆಯಲ್ಲೂ ಹಳೆಯ ಪಟ್ಟಿಯನ್ನು ನಕಲು ಮಾಡಿ ಒಂದು ಸೇರಿಸಬೇಡಿ. ಫೋಲ್ಡ್ ಪಟ್ಟಿಯನ್ನು ಕೈಗೇ ಕೊಡುತ್ತದೆ, ಅದಕ್ಕೇ ‘ಪುಶ್’ ಮಾಡಿ ಮುಂದೆ ದಾಟಿಸಿ.

ಹಂತ 7: ವೇಗ

ಇದು ಚಿಕ್ಕ ಹಂತ. ಸರಪಳಿ ನಿಧಾನ ಅಂತ ದೂರುವವರಲ್ಲಿ ಬಹುಪಾಲು ಜನ ‘ಕಾರ್ಗೋ ರನ್’ ಅಂದಿರುತ್ತಾರೆ. ‘--ರಿಲೀಸ್’ ಸೇರಿಸಿ ಅಳೆಯಿರಿ. ಆಗ ಕಂಪೈಲರ್ ಸರಪಳಿಯನ್ನು ಕರಗಿಸಿ ಲೂಪಿನಷ್ಟೇ ಬಿಗಿಯಾದ ಕೋಡ್ ಮಾಡುತ್ತದೆ. ಒಂದು ವ್ಯತ್ಯಾಸ ಗೊತ್ತಿರಲಿ: ಸಂಖ್ಯೆ ಉಕ್ಕಿದರೆ ಸಾಮಾನ್ಯ ಬಿಲ್ಡ್ ಕೂಗಿಕೊಂಡು ನಿಲ್ಲುತ್ತದೆ, ರಿಲೀಸ್ ಬಿಲ್ಡ್ ಸುಮ್ನೆ ಸೊನ್ನೆಯ ಕಡೆಯಿಂದ ಮತ್ತೆ ಎಣಿಸುತ್ತದೆ. ಹೊಸನಗರದ ಯು16 ನೆನಪಿಸಿಕೊಳ್ಳಿ.

‘ರೇಯಾನ್’ ಎಂಬ ಲೈಬ್ರರಿ ತಂದು ‘ಇಟರ್’ ಇದ್ದಲ್ಲಿ ‘ಪಾರ್_ಇಟರ್’ ಹಾಕಿದರೆ ಕೆಲಸ ಎಲ್ಲ ಕೋರ್‌ಗಳಿಗೂ ಹಂಚಿಹೋಗುತ್ತದೆ. ಕ್ಲೋಷರ್ ಹೊರಗಿನದನ್ನು ತಿದ್ದುತ್ತಿದ್ದರೆ ಕಂಪೈಲರ್ ಬಿಡುವುದಿಲ್ಲ. ಹಂತ 4ರಲ್ಲಿ ಎಣಿಕೆಯನ್ನು ಒಳಗೇ ಇಟ್ಟುಕೊಂಡಿದ್ದರೆ ಇಲ್ಲಿ ಏನೂ ಬದಲಿಸಬೇಕಿಲ್ಲ. ಆದರೆ ಹದಿನಾಲ್ಕು ಸಾವಿರ ಸಾಲಿಗೆ ಇದು ಬೇಡವೇ ಬೇಡ, ಕೆಲಸ ಹಂಚುವಷ್ಟರಲ್ಲಿ ಲೆಕ್ಕವೇ ಮುಗಿದಿರುತ್ತದೆ.

ಅಭ್ಯಾಸಕ್ಕೆ

ಇದನ್ನು ನೀವೇ ಮಾಡಿ: ಮಳೆಯನ್ನು ತಿಂಗಳ ಬದಲು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಗುಂಪು ಮಾಡುವುದು. ಆರಿದ್ರಾ ಹುಟ್ಟುವುದು ಜೂನ್ 22ರ ಆಚೀಚೆ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದೂ 13-14 ದಿನ. ತಾರೀಕು ಕೊಟ್ಟರೆ ನಕ್ಷತ್ರ ಕೊಡುವ ಪ್ಯೂರ್ ಫಂಕ್ಷನ್ ಒಂದು, ಗುಂಪು ಮಾಡುವ ಫೋಲ್ಡ್ ಒಂದು. ಗುಂಪಿಗೆ ‘ಹ್ಯಾಶ್‌ಮ್ಯಾಪ್’ ಬೇಡ, ಅದರಲ್ಲಿ ಕ್ರಮ ಇರುವುದಿಲ್ಲ, ಆಶ್ಲೇಷ ಮೊದಲು ಬಂದು ಆರಿದ್ರಾ ಆಮೇಲೆ ಬಂದೀತು. ನಕ್ಷತ್ರವನ್ನು ಈನಮ್ ಮಾಡಿ, ಮಳೆ ಬರುವ ಕ್ರಮದಲ್ಲೇ ಬರೆದು, ‘ಆರ್ಡ್’ (ಹಿಂದುಮುಂದಿನ ಕ್ರಮ) ಡಿರೈವ್ ಮಾಡಿಸಿ, ಅಂದರೆ ಕಂಪೈಲರಿನಿಂದಲೇ ಬರೆಸಿ, ಬಿಟ್ರೀಮ್ಯಾಪಿನಲ್ಲಿ ಇಡಿ. ಎರಡು ನಕ್ಷತ್ರಗಳ ಗಡಿ ದಾಟಿದ ‘ಕೂಡಿದ್ದು’ ಓದು ಸಿಕ್ಕರೆ ಅದನ್ನು ಯಾವ ಮಳೆಗೆ ಸೇರಿಸುತ್ತೀರಿ ಅನ್ನುವುದನ್ನು ಕೋಡ್ ಬರೆಯುವ ಮೊದಲು ಡೈರಿ ಬರೆದವರನ್ನೇ ಕೇಳಿ.